ತುಂಬಿದ ಉಸಿರಿನ ಅಳತೆ

ಅತ್ತಿಗೆ ತರಿಸಿದ ಪೊಟ್ಟಣ ಬಿಚ್ಚಿದಾಗ ಮೇಳದ ಹೆಂಗಸರೆಲ್ಲ ಮೊದಲು ನಕ್ಕರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭುಜದ ಪಟ್ಟಿಯೇ ಇಲ್ಲದ ಬ್ರಾಗಳು. ಒಂದೇ ಬಣ್ಣ, ಒಂದೇ ಅಚ್ಚು, ಒಂದೇ ಅಳತೆ. ಮೊಟ್ಟೆಯ ಟ್ರೇಗಳ ಹಾಗೆ ಒಂದರೊಳಗೊಂದು ಹೊಂದಿಕೊಂಡು ಕೂತಿದ್ದವು.

“ಕಛೇರಿ ದಿನ ಎಲ್ರಿಗೂ ಒಂದೇ ಥರದ ಗೌನು ಅಂದ್ಮೇಲೆ ಒಳಗಡೇದೂ ಒಂದೇ ಥರ ಇರ್ಲಿ ಅಂತ ತರಿಸ್ದೆ,” ಎಂದಳು ಅತ್ತಿಗೆ. “ಗೌನಿನ ಕತ್ತು ಈ ಭುಜದಿಂದ ಆ ಭುಜದವರೆಗೂ ತೆರೆದಿದೆ. ಪಟ್ಟಿ ಹೊರಗೆ ಇಣುಕಿದ್ರೆ ಚೆನ್ನಾಗಿರತ್ತಾ?”

ಆ ಹಾಡಿನ ಮೇಳದಲ್ಲಿ ಎಲ್ಲವೂ ಒಂದೇ ಆಗಿರಬೇಕೆಂಬುದು ಅತ್ತಿಗೆಯ ಹಟ. ಶ್ರುತಿ ಒಂದು, ಫೈಲಿನ ಬಣ್ಣ ಒಂದು, ಚಪ್ಪಲಿಯ ಎತ್ತರ ಒಂದು. ಮೇಳದ ಉಸ್ತುವಾರಿಯೆಲ್ಲ ಅವಳದೇ ಆದ್ದರಿಂದ ಯಾರೂ ಎದುರಾಡಲಿಲ್ಲ. ಎಲ್ಲರೂ ಮೂಲೆಯ ಕೋಣೆಗೆ ಹೋಗಿ ಹಾಕಿಕೊಂಡು ಬಂದು ಸಾಲಾಗಿ ನಿಂತರು. ಹಾಡು ಕಲಿಸುವ ಟೀಚರ್ ಪಿಯಾನೊ ಮುಂದೆ ಕೂತು ತಲೆಯಾಡಿಸಿದಳು. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಎಲ್ಲರೂ ಒಟ್ಟಿಗೆ ದೊಡ್ಡ ಉಸಿರು ತೆಗೆದುಕೊಳ್ಳುವ ಜಾಗ ಬಂತು ನೋಡಿ, ಅಲ್ಲಿಂದ ಶುರುವಾಯಿತು ಫಜೀತಿ. ಒಬ್ಬಳು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಳು. ಇನ್ನೊಬ್ಬಳು ಕೆಮ್ಮಿದ ಹಾಗೆ ಮಾಡಿ ಮುಂದೆ ಬಗ್ಗಿ ಮೇಲಕ್ಕೆಳೆದುಕೊಂಡಳು. ಸಾಲು ಪೂರ್ತಿ ರೆಕ್ಕೆ ಬಡಿಯುತ್ತಿತ್ತು.

ಟೀಚರ್ ಕೈ ನಿಲ್ಲಿಸಿದಳು. “ಏನಿದು? ಹಾಡ್ತಿದ್ದೀರಾ, ಕೋಳಿ ಹಿಡೀತಿದ್ದೀರಾ?”

ನಗದೆ ನಿಂತವಳು ಹಿಂದಿನ ಸಾಲಿನ ಕನ್ನಡಕದಕ್ಕ ಒಬ್ಬಳೇ. ಪೇಟೆಯ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಮೇಳದಲ್ಲಿ ಅವಳಿಗೆ ಆ ಹೆಸರು. ಅತ್ತಿಗೆ ಅವಳ ಗಂಡನ ಅಕ್ಕ. ಕನ್ನಡಕದಕ್ಕ ಹೊಸ ಬ್ರಾವನ್ನು ಹಾಕಿಕೊಂಡಿರಲಿಲ್ಲ; ಅದು ತನ್ನ ಬೆನ್ನನ್ನು ಅರ್ಧಕ್ಕಿಂತ ಹೆಚ್ಚು ಸುತ್ತುವುದಿಲ್ಲವೆಂದು ನೋಡಿದ ಕೂಡಲೇ ಗೊತ್ತಾಗಿ ಚೀಲದ ತಳಕ್ಕೆ ತುರುಕಿದ್ದಳು. ತನ್ನ ಹಳೆಯ, ಬಿಗಿತ ಕಳೆದುಕೊಂಡ ಬ್ರಾದಲ್ಲೇ ನಿಂತು, ಯಾವಾಗಿನಂತೆ ಹಾಡಿನ ಫೈಲನ್ನು ಎದೆಗೆ ಅಡ್ಡವಾಗಿ ಹಿಡಿದಿದ್ದಳು.

ಹಾಗೆ ಏನನ್ನಾದರೂ ಅಡ್ಡ ಹಿಡಿಯುವುದು ಅವಳಿಗೆ ಇವತ್ತಿನ ಅಭ್ಯಾಸವಲ್ಲ. ಮೈ ನೆರೆಯುವ ವಯಸ್ಸಿನಲ್ಲಿ, ಓರಗೆಯ ಹುಡುಗಿಯರೆಲ್ಲ ಇನ್ನೂ ಕಡ್ಡಿಗಳಂತೆ ಓಡಾಡುತ್ತಿದ್ದಾಗ, ಅವಳ ಅಮ್ಮ ಬಾಗಿಲಲ್ಲಿ ನಿಂತು “ಪುಸ್ತಕ ಎದೆಗೆ ಹಿಡ್ಕೊಂಡು ನಡಿ” ಎಂದಿದ್ದಳು. ಅಮ್ಮ ಅದನ್ನು ಕೋಪದಿಂದ ಹೇಳಿರಲಿಲ್ಲ, ಕೊಡೆ ತಗೊಂಡು ಹೋಗು ಎನ್ನುವಷ್ಟು ಸಹಜವಾಗಿ ಹೇಳಿದ್ದಳು. ಅದಕ್ಕೇ ಇರಬೇಕು, ಮಾತು ಮೈಗಂಟಿತು. ಪುಸ್ತಕ ಹೋಗಿ ಕೈಚೀಲ ಬಂತು. ಅಂಗಡಿಯಲ್ಲಿ ಫ್ರೇಮುಗಳ ತಟ್ಟೆ ಬಂತು. ಮೇಳದಲ್ಲಿ ಫೈಲು ಬಂತು. ಬೆನ್ನು ತಾನಾಗಿಯೇ ಒಂದಿಷ್ಟು ಬಾಗಿ, ಇಳಿಜಾರು ಭುಜಗಳು ಇನ್ನಷ್ಟು ಇಳಿದವು. ಪಟ್ಟಿ ಜಾರುತ್ತಲೇ ಇರುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳುವುದು ಕಣ್ಣು ಮಿಟುಕಿಸಿದಷ್ಟು ಅರಿವಿಲ್ಲದ ಕೆಲಸವಾಗಿತ್ತು.

ಈ ಸಲದ ಕಛೇರಿಯ ಮೊದಲ ಹಾಡು, ಬೆಳಗಾಗುವ ಮುಂಚಿನ ಬಂದರನ್ನು ಕುರಿತದ್ದು, ಒಂದೇ ಒಂದು ತಗ್ಗಿನ, ಉದ್ದನೆಯ ಸ್ವರದಿಂದ ಏಳುತ್ತಿತ್ತು. ಮಾತಿಲ್ಲ, ವಾದ್ಯವಿಲ್ಲ. ಒಬ್ಬಳು ಮುಂದೆ ಬಂದು ಆ ಸ್ವರವನ್ನು ಹಿಡಿದು ನಿಲ್ಲಬೇಕು. ಉಳಿದವರು ಒಬ್ಬೊಬ್ಬರಾಗಿ ಅದರೊಳಕ್ಕೆ ಇಳಿಯಬೇಕು. ಆ ಸ್ವರವನ್ನು ಟೀಚರ್ ಕನ್ನಡಕದಕ್ಕನಿಗೆ ಕೊಟ್ಟಿದ್ದಳು. ಇಷ್ಟು ವರ್ಷದಲ್ಲಿ ಅವಳಿಗೆಂದೇ ಸಿಕ್ಕ ಮೊದಲ ಸ್ವರ ಅದು. ಕೇಳಿದ ರಾತ್ರಿ ಸಂತೋಷಕ್ಕೆ ಅವಳಿಗೆ ಊಟ ಸೇರಿರಲಿಲ್ಲ.

“ಇನ್ನೊಂದು ಮಾತು,” ಎಂದಳು ಟೀಚರ್, ಪೊಟ್ಟಣ ಬಿಚ್ಚಿದ ದಿನ ಎಲ್ಲರೂ ಹೊರಡುವಾಗ. “ಈ ಸಲ ಫೈಲು ಬೇಡ. ಎಲ್ರ ಕೈನೂ ಖಾಲಿ ಇರ್ಬೇಕು. ಕನ್ನಡಕದಕ್ಕ, ಮುಖ್ಯವಾಗಿ ನಿಮ್ದು.”

ಕನ್ನಡಕದಕ್ಕ ಎಲ್ಲರೂ ಹೋಗುವವರೆಗೆ ಕಾದು, ಪಿಯಾನೊ ಹತ್ತಿರ ಹೋದಳು. “ಟೀಚರ್, ನಂಗಾಗಲ್ಲ ಅನ್ಸತ್ತೆ. ನನ್ನ ಪಕ್ಕ ಹಾಡೋ ಬ್ಯಾಂಕಿನವಳಿಗೆ ಕೊಡಿ. ಅವಳದೂ ತಗ್ಗಿನ ದನಿಯೇ.”

“ಅವಳ ದನಿ ತಗ್ಗು. ನಿಮ್ದು ಆಳ,” ಎಂದಳು ಟೀಚರ್. ಆಮೇಲೆ ಅವಳ ಮುಖ ನೋಡಿ, “ಶನಿವಾರ ಹೇಳಿ. ಅಲ್ಲೀವರೆಗೂ ನಿಮ್ಮದೇ,” ಎಂದಳು.

ಬಾಗಿಲಾಚೆ ಕಾದು ನಿಂತು ಕೇಳಿಸಿಕೊಂಡಿದ್ದ ಅತ್ತಿಗೆ ದಾರಿಯಲ್ಲಿ ಬಿಡಲಿಲ್ಲ. “ಬಿಟ್ಟುಕೊಡ್ತೀಯಂತೆ? ಯಾಕೇ?”

“ಗಂಟಲು ಸರಿ ಇಲ್ಲ ಅತ್ತಿಗೆ.”

“ಬೆಳಗ್ಗೆ ನನ್ನ ತಮ್ಮನ ಮೇಲೆ ಕೂಗೋವಾಗ ಸರಿಯಾಗೇ ಇತ್ತಲ್ಲ. ಫೋನಿನಲ್ಲಿ ನಂಗೇ ಕೇಳಿಸ್ತು.”

ಕನ್ನಡಕದಕ್ಕ ನಕ್ಕಳು. ನಗುತ್ತಲೇ ಕಣ್ಣು ತುಂಬಿಬಂತು. ಬೀದಿಯ ಬದಿಗೆ ಸರಿದು ನಿಂತು, “ಕೈಯಲ್ಲಿ ಏನೂ ಇಲ್ದೆ ಮುಂದೆ ನಿಂತ್ರೆ ಎಲ್ರೂ ಅಲ್ಲೇ ನೋಡ್ತಾರೆ. ನಂಗೆ ದನಿ ಏಳಲ್ಲ,” ಎಂದಳು.

 ಸಣ್ಣ ಕೈಕಾಲಿನ, ಕಡ್ಡಿಯಂಥ ಹೆಂಗಸು ಅತ್ತಿಗೆ. ತನ್ನ ಮೈ ಇದೆಯೆಂಬುದೇ ಅವಳಿಗೆ ಜ್ವರ ಬಂದಾಗ ಮಾತ್ರ ನೆನಪಾಗುತ್ತಿತ್ತು. ತುಸು ದೂರ ನಡೆದ ಮೇಲೆ ಕೇಳಿದಳು: “ಅಂಗಡಿಗೆ ಬಂದೋರಿಗೆ ದಿನಾ ಏನ್ ಹೇಳ್ತೀಯ ನೀನು? ದುಂಡು ಮುಖದವಳು ದುಂಡು ಕನ್ನಡಕ ಹಾಕ್ಕೊಂಡು, ಅಯ್ಯೋ ನನ್ನ ಮುಖವೇ ಸರಿ ಇಲ್ಲ ಅಂದ್ರೆ?”

“ಮುಖದ್ದೇನೂ ತಪ್ಪಿಲ್ಲ, ಫ್ರೇಮು ಬದಲಾಯ್ಸೋಣ ಅಂತೀನಿ.”

“ಮತ್ತೆ?” ಎಂದು ಅತ್ತಿಗೆ ಅವಳ ಕೈಚೀಲವನ್ನು ಎದೆಯ ಮೇಲಿಂದ ಕಿತ್ತುಕೊಂಡು ತಾನೇ ಹೊತ್ತು ನಡೆದಳು.

ಶನಿವಾರ ಮಧ್ಯಾಹ್ನ ಅತ್ತಿಗೆ ಅಳತೆಯಮ್ಮನನ್ನು ಕರೆತಂದಳು. ಊರಿನ ಒಳ ಉಡುಪಿನ ಅಂಗಡಿಯಲ್ಲಿ ಹೆಂಗಸರಿಗೆ ಅಳತೆ ನೋಡುವವಳು. ದಪ್ಪ, ಗತ್ತು, ಘಮ್ಮೆನ್ನುವ ಸೆಂಟು. ಎರಡು ಕೈಯಲ್ಲೂ ಸೂಟ್‌ಕೇಸು. ಮೇಳ ಅಭ್ಯಾಸ ಮಾಡುತ್ತಿದ್ದದ್ದು ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ. ಬ್ಯಾಡ್ಮಿಂಟನ್ ನೆಟ್ಟಿನ ಮೇಲೆ ಮನೆಗಳಿಂದ ತಂದ ಹೊದಿಕೆಗಳನ್ನು ಇಳಿಬಿಟ್ಟು ಮರೆ ಮಾಡಿದ್ದರು. ಕುತ್ತಿಗೆಯ ಹೊಲಿಗೆಯೊಂದು ಬಾಕಿಯಿದ್ದ ಗೌನುಗಳು, ಕಡುನೀಲಿ ಬಣ್ಣದವು, ಗೋಡೆಗೆ ಜಡಿದ ಕಸರತ್ತಿನ ಏಣಿಗಳಿಗೆ ತೂಗುಬಿದ್ದಿದ್ದವು. ರಬ್ಬರ್ ಚಾಪೆಯ ವಾಸನೆ, ಅದರ ಮೇಲೆ ಸೆಂಟಿನ ವಾಸನೆ.

ಅಳತೆಯಮ್ಮ ಪೊಟ್ಟಣದ ಬ್ರಾ ಒಂದನ್ನು ಎರಡು ಬೆರಳಿನಲ್ಲಿ ಎತ್ತಿದಳು. “ಇದನ್ನ ತರಿಸಿದ್ದು ಯಾರು?”

ಅತ್ತಿಗೆ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. ಅಳತೆಯಮ್ಮ ಅವಳನ್ನು ಮರೆಗೆ ಎಳೆದುಕೊಂಡು ಹೋಗಿ, ಅದನ್ನೇ ತೊಡಿಸಿ, ಮೇಲೆ ಗೌನು ಇಳಿಬಿಟ್ಟು ಹೊರಗೆ ತಂದು ನಿಲ್ಲಿಸಿದಳು.  ಅಗಲ ಕತ್ತು ಅವಳ ಸಣ್ಣ ಭುಜಗಳನ್ನು ಹಿಗ್ಗಿಸಿತ್ತು. ಕೊರಳ ಮೂಳೆಗಳು ಎರಡು ಗೆರೆಗಳಂತೆ ಬೆಳಗಿದವು.

“ಇದು ಇವಳ ಮೈಗೆ ಹುಟ್ಟಿದ ಕತ್ತು,” ಎಂದಳು ಅಳತೆಯಮ್ಮ. “ ಅಳತೆಗೆ ದರ್ಜಿಯ ಹತ್ರ ಹೋದವಳೂ ಇವಳೇ ತಾನೇ? ಊರಿನವರನ್ನೆಲ್ಲ ಸೇರಿಸಿ ನಿನ್ನ ಕನ್ನಡೀಲೇ ನೋಡ್ಬಿಟ್ಟೆಯಲ್ಲ ಮಗಳೇ.”

ನಂತರ ಒಬ್ಬೊಬ್ಬರನ್ನೇ ಕರೆದಳು. ಅವಳ ಕ್ರಮ ವಿಚಿತ್ರವಾಗಿತ್ತು. ಮೊದಲು ಟೇಪು ಮುಟ್ಟುತ್ತಿರಲಿಲ್ಲ. ಕೈ ಎತ್ತು, ಬಗ್ಗು, ಏನೋ ಬಿದ್ದಿದೆ ಎತ್ತಿಕೊಡು, ತಿರುಗು ಎನ್ನುತ್ತಿದ್ದಳು. ಆಮೇಲೆ ಅರ್ಧ ಹೊಲಿದ ಕತ್ತಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ಬ್ಯಾಂಕಿನವಳದು ಅಗಲ ಭುಜ, ಚಪ್ಪಟೆ ಎದೆ. “ಈ ಕತ್ತು ಹಾಕಿದ್ರೆ ನೀನು ಬೀರುವಿನ ಥರ ಕಾಣ್ತೀಯ,” ಎಂದು ಅವಳಿಗೆ ಕೆಳಗಿಳಿದ, ಉದ್ದನೆಯ ಯು ಆಕಾರದ ಗೆರೆ ಬರೆದು, ನಡುವೆ ತಗ್ಗಾಗಿ ತೆರೆದ, ತೆಳುವಾಗಿ ಹತ್ತಿ ತುಂಬಿದ ಕಪ್‌ಗಳ ಬ್ರಾ ಕೊಟ್ಟಳು.

“ಎಲ್ಲರ ಕತ್ತೂ ಬೇರೆ ಬೇರೆ ಆದ್ರೆ?” ಎಂದು ಟೀಚರ್ ಅನುಮಾನಿಸಿದಳು.

“ಹಾಲಿನ ಕೊನೇಲಿ ಹೋಗಿ ನಿಂತ್ಕೊಂಡು ನೋಡಿ.”

ಟೀಚರ್ ಹೋಗಿ ನಿಂತಳು. ಅತ್ತಿಗೆ, ಬ್ಯಾಂಕಿನವಳು ಅಕ್ಕಪಕ್ಕ ನಿಂತರು. ಅಷ್ಟು ದೂರಕ್ಕೆ ಕತ್ತಿನ ಆಕಾರ ತಿಳಿಯುತ್ತಿರಲಿಲ್ಲ. ಒಂದೇ ನೀಲಿ, ನೆಟ್ಟಗೆ ನಿಂತ ಎರಡು ಮೈ, ಅಷ್ಟೇ. “ಈಗಲೇ ಒಂದೇ ಥರ ಕಾಣ್ತಿದ್ದಾರೆ,” ಎಂದಳು ಟೀಚರ್, ತನಗೇ ಹೇಳಿಕೊಳ್ಳುವಂತೆ.

ಮೇಳದ ಹಿರಿಯಳಾದ ಅಜ್ಜಿಯ ಸರದಿ ಬಂತು. ಭುಜ ಮರಗಟ್ಟಿ ಕೈ ಹಿಂದಕ್ಕೆ ಹೋಗದೆ, ಬ್ರಾವನ್ನು ಮುಂದೆ ಹುಕ್ಕು ಹಾಕಿ ಮೈಸುತ್ತ ತಿರುಗಿಸಿಕೊಂಡು ಅವಳು ದಿನ ಕಳೆಯುತ್ತಿದ್ದಳು.

“ಬಾ ಮಗಳೇ,” ಎಂದಳು ಅಳತೆಯಮ್ಮ.

“ನಿಮ್ಮಮ್ಮನಿಗಿಂತ ದೊಡ್ಡೋಳು ನಾನು. ಬಾಡಿ ತೋರ್ಸು, ಮಾತು ಆಮೇಲೆ.”

ಮುಂದೆಯೇ ಹುಕ್ಕಿರುವ, ತಂತಿಯಿಲ್ಲದ, ಅಗಲ ಪಟ್ಟಿಯದೊಂದು ಸಿಕ್ಕಿತು. ಸಹಾಯಕ್ಕೆಂದು ಮರೆಯೊಳಗೆ ಹೋಗಿದ್ದ ಕನ್ನಡಕದಕ್ಕ ನೋಡುತ್ತ ನಿಂತಳು. ಅಜ್ಜಿಯ ಬೆನ್ನಿನ ಬಾಗಿದ ಗೆರೆ, ಹೊಟ್ಟೆಯ ಮಡಿಕೆಗಳು, ಬಸವಳಿದು ಇಳಿದ ಮೊಲೆಗಳು. ಪಕ್ಕದಲ್ಲಿ ಬ್ಯಾಂಕಿನವಳ ಚೌಕ ಭುಜಗಳ ಮೇಲೆ ಎಳ್ಳಿನಂಥ ಮಚ್ಚೆಗಳು. ಅತ್ತಿಗೆಯ ಪಕ್ಕೆಲುಬುಗಳು ಎಣಿಸಬಹುದಾದಷ್ಟು ಸ್ಪಷ್ಟ. ಇಷ್ಟು ವರ್ಷ ಇವರ ಉಸಿರಿಗೆ ಉಸಿರು ತಾಗಿಸಿ ಹಾಡಿದ್ದಳು. ಆ ಉಸಿರು ಎಂಥೆಂಥ ಪಾತ್ರೆಗಳಿಂದ ಬರುತ್ತಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಒಂದು ಇನ್ನೊಂದರಂತಿರಲಿಲ್ಲ. ತನ್ನದೊಂದೇ ಬೇರೆ, ಉಳಿದವರದೆಲ್ಲ ಸರಿಯಾದ ಅಚ್ಚು ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದಳು! ಆ ಸರಿಯಾದ ಅಚ್ಚು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. 

“ಈಗ ನೀನು,” ಎಂದಳು ಅಳತೆಯಮ್ಮ.

ಫೈಲು ಇನ್ನೂ ಅವಳ ಕೈಯಲ್ಲೇ ಇತ್ತು. ಅಳತೆಯಮ್ಮ ಅದನ್ನು ತೆಗೆದು ಅತ್ತಿಗೆಗೆ ಕೊಟ್ಟು, ಕನ್ನಡಕದಕ್ಕನ ಭುಜದ ಇಳಿಜಾರಿನ ಮೇಲೆ ಅಂಗೈ ಇಟ್ಟಳು. ತಣ್ಣನೆಯ ಕೈ. ಭುಜದಲ್ಲಿ ಹಳೆಯ ಪಟ್ಟಿಗಳು ಒತ್ತಿದ ಗುಳಿಗಳನ್ನು ಸವರಿದಳು. “ಭಾರವನ್ನೆಲ್ಲ ಭುಜದ ಮೇಲೆ ಹೊತ್ತಿದ್ದೀಯ. ಭಾರ ಹೊರಬೇಕಾದ್ದು ಎದೆಯ ಕೆಳಗಿನ ಈ ಸುತ್ತುಪಟ್ಟಿ. ನಿನ್ನ ಸುತ್ತುಪಟ್ಟಿ ಸಡಿಲ, ಕಪ್‌ಗಳು ಚಿಕ್ಕವು. ಅಗಲ ಕತ್ತು ಬೇಡ ನಿಂಗೆ. ಈ ಕಡೆಯಿಂದ ಆ ಕಡೆಗೆ ಒಂದೇ ಹಲಗೆ ಹೊಡೆದ ಹಾಗೆ ಕಾಣತ್ತೆ. ವಿ ಕತ್ತು. ಎದೇಲಿರೋ ಗಾಳಿಯೆಲ್ಲಾ ಬಿಡು, ಹಾಂ, ಬಿಗಿಯಾಗಿ ಅಳೀತೀನಿ.”

ಉಸಿರು ಬಿಟ್ಟಳು. ಟೇಪು ಬಿಗಿಯಿತು. ಸೂಟ್‌ಕೇಸಿನಿಂದ ಬಂದದ್ದು ಪಕ್ಕಗಳಲ್ಲಿ ಎತ್ತರವಾದ, ನಡುವೆ ತಗ್ಗಾದ, ಬೆನ್ನಿನಲ್ಲಿ ಪಟ್ಟಿಗಳು ಒಂದಕ್ಕೊಂದು ಹತ್ತಿರ ಬರುವ ಬ್ರಾ. ಹಾಗೆ ಹತ್ತಿರ ಬಂದರೆ ಇಳಿಜಾರು ಭುಜದಿಂದ ಜಾರುವುದಿಲ್ಲವಂತೆ. ಮೇಲೆ ಗೌನು, ಗೌನಿನ ಮೇಲೆ ಸೀಮೆಸುಣ್ಣದ ವಿ.

ಹಾಲಿನ ಗೋಡೆಗೆ ಆತುಕೊಂಡಿದ್ದ ದೊಡ್ಡ ಕನ್ನಡಿಯಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಎದೆ ತನ್ನ ಜಾಗದಲ್ಲಿತ್ತು, ಅದರ ಕೆಳಗೆ ಸೊಂಟವೊಂದು ಇತ್ತು. ತನಗೆ ಸೊಂಟ ಇದೆಯೆಂದು ಕನ್ನಡಕದಕ್ಕನಿಗೆ ಗೊತ್ತಿರಲಿಲ್ಲ. ಹೆಬ್ಬೆರಳು ಭುಜಕ್ಕೆ ಹೋಯಿತು. ಅಲ್ಲಿ ತಳ್ಳುವುದಕ್ಕೆ ಏನೂ ಇರದೆ ವಾಪಸಾಯಿತು.

“ಅಮ್ಮಾ!” ಎಂದಳು ಅತ್ತಿಗೆ ಸಣ್ಣ ದನಿಯಲ್ಲಿ. “ನೋಡೇ ನಿನ್ನ!”

“ಸ್ವರ ಹಿಡೀರಿ,” ಎಂದಳು ಟೀಚರ್.

ಹಿಡಿದಳು. ಸ್ವರ ಎದ್ದಿತು, ಹಾಲಿನ ನಡುವಿನವರೆಗೆ ಹೋಯಿತು, ಅಲ್ಲಿ ಕತ್ತು ಹಿಸುಕಿದಂತೆ ನಿಂತಿತು. ಮತ್ತೆ ಪ್ರಯತ್ನಿಸಿದಳು. ಇನ್ನೂ ಆಳಕ್ಕೆ ಉಸಿರೆಳೆದಳು. ಬೆನ್ನಿನಲ್ಲಿ ಟಪ್ಪೆಂದು ಸದ್ದಾಗಿ ಹುಕ್ಕು ಕಿತ್ತು ಹಾರಿ, ರಬ್ಬರ್ ಚಾಪೆಯ ಮೇಲೆ ಪುಟಿಯಿತು.

ಯಾರೂ ನಗಲಿಲ್ಲ. ಕನ್ನಡಕದಕ್ಕನ ಕೈಗಳು ತಾವಾಗಿಯೇ ಎದೆಯ ಮೇಲೆ ಅಡ್ಡ ಬಂದವು. “ಹೇಳಿದ್ನಲ್ಲ,” ಎಂದಳು. “ಚೆಂದ ನಿಂತ್ರೆ ಹಾಡಕ್ಕಾಗಲ್ಲ, ಹಾಡಿದ್ರೆ ಚೆಂದ ನಿಲ್ಲಕ್ಕಾಗಲ್ಲ. ಬ್ಯಾಂಕಿನವಳಿಗೇ ಕೊಡಿ ಟೀಚರ್.”

“ಇರು,” ಎಂದಳು ಅಳತೆಯಮ್ಮ. ಅವಳ ಗತ್ತಿನ ಮುಖದಲ್ಲಿ ಏನೋ ಸಡಿಲವಾಗಿತ್ತು. ಮಂಡಿಗಳನ್ನು ಲಟಲಟ ಎನ್ನಿಸುತ್ತ ಬಂದು, ಹಿಂದೆ ನಿಂತು, ಎರಡು ಅಂಗೈಗಳನ್ನೂ ಕನ್ನಡಕದಕ್ಕನ ಪಕ್ಕೆಗಳ ಮೇಲೆ ಹರವಿದಳು. “ಇನ್ನೊಂದ್ಸಲ ಹಾಡು. ಮೆತ್ತಗೆ ಅಲ್ಲ. ಕಛೇರಿ ದಿನ ಹಾಡೋ ಹಾಗೆ.”

ಕನ್ನಡಕದಕ್ಕ ಕಣ್ಣು ಮುಚ್ಚಿ ಉಸಿರೆಳೆದಳು. ಪಕ್ಕೆಗಳು ಬಾಗಿಲಿನ ಹಾಗೆ ಎರಡು ಕಡೆಗೂ ತೆರೆದವು. ಒಂದಕ್ಕೊಂದು ತಾಗುತ್ತಿದ್ದ ಅಳತೆಯಮ್ಮನ ಹೆಬ್ಬೆರಳುಗಳು ದೂರ ದೂರ ಸರಿದವು. ಸ್ವರ ಬಂತು. ಅದು ಗಂಟಲಿನದಾಗಿರಲಿಲ್ಲ, ಅಳತೆಯಮ್ಮನ ಕೈಯಡಿಯಿಂದ ಏಳುತ್ತಿತ್ತು. ತೂಗುಬಿದ್ದ ಗೌನುಗಳ ಹಿಂದೆ ಗೋಡೆಯ ಏಣಿಯ ಸಡಿಲವಾದ ಮೆಟ್ಟಿಲೊಂದು ಸಣ್ಣಗೆ ಗುಂಯ್‌ಗುಟ್ಟಿತು. ಸ್ವರ ಮುಗಿದಾಗಲೂ ಅಳತೆಯಮ್ಮ ಕೈ ತೆಗೆಯಲಿಲ್ಲ.

“ಇಷ್ಟು ವರ್ಷ ಈ ಕೆಲಸ ಮಾಡ್ತಿದ್ದೀನಿ,” ಎಂದಳು ನಿಧಾನವಾಗಿ. “ಬಂದೋರಿಗೆಲ್ಲ ಗಾಳಿ ಬಿಡು ಅಂತಾನೇ ಹೇಳಿದ್ದೀನಿ. ಖಾಲಿ ಮಾಡಿಸಿ ಅಳೆದಿದ್ದೀನಿ. ಒಳಗೆ ಇಷ್ಟು ಜಾಗ ಇರತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ ಮಗಳೇ.” ಅವಳು ಕಣ್ಣೊರೆಸಿಕೊಂಡಳೋ, ಬೆವರೊರೆಸಿಕೊಂಡಳೋ. “ಎಲ್ರೂ ಮತ್ತೆ ಬನ್ನಿ. ಮೊದಲ ಅಳತೆ ಎಲ್ಲಾ ತಪ್ಪು. ಒಳಗೆ ಬಂದು ಹಾಡಿ. ಹಾಡ್ತಾ ಇರೋವಾಗ ಅಳೀತೀನಿ.”

ಹಾಗೆ, ಹೊದಿಕೆಗಳ ಮರೆಯಲ್ಲಿ ಅರೆಬರೆ ಬಟ್ಟೆಯಲ್ಲಿ ನಿಂತು ಹೆಂಗಸರೆಲ್ಲ ಹಾಡಿದರು. ಮೊದಲು ನಾಚಿಕೆಯಿಂದ, ಮುಖ ತಪ್ಪಿಸಿಕೊಂಡು, ಆಮೇಲೆ ಬಾಯ್ತುಂಬ. ಅಳತೆಯಮ್ಮ ಒಬ್ಬೊಬ್ಬಳನ್ನೂ ಹಿಂದಿನಿಂದ ತಬ್ಬಿದಂತೆ ಹಿಡಿದು, ಉಸಿರು ತುಂಬಿದ ಗಳಿಗೆಗೆ ಕಾದು, ಟೇಪು ಸುತ್ತಿದಳು. ಹಿಗ್ಗುವ ಪಟ್ಟಿಯವನ್ನೇ ಆರಿಸಿದಳು. ಅಜ್ಜಿಯ ಬಾಗಿದ ಬೆನ್ನಿನೊಳಗಿಂದ ಅಷ್ಟು ಗಾಳಿ ಬಂದದ್ದಕ್ಕೆ “ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?” ಎಂದಳು. ಅಜ್ಜಿ ಹಾಡು ನಿಲ್ಲಿಸದೆ ಅವಳ ಕೈಗೆ ಮೆಲ್ಲಗೆ ಹೊಡೆದಳು.

ಟೀಚರ್ ಪಿಯಾನೊ ಬಿಟ್ಟು ಬಂದು ಹೊದಿಕೆಯ ಅಂಚಿನಲ್ಲಿ ನಿಂತಿದ್ದಳು. “ನಂಗೂ ನೋಡ್ತೀರಾ? ನನ್ನ ಗೌನಿಗೆ ಹಿಂದುಗಡೆ ಆಳವಾದ ಕತ್ತು. ನಿಮ್ಮ ಕಡೆ ತಿರುಗಿ ಹಾಡಿಸೋವಾಗ ಜನಕ್ಕೆ ಕಾಣೋದು ನನ್ನ ಬೆನ್ನು ಮಾತ್ರ ಅಲ್ವಾ, ಅದಕ್ಕೇ ಶೋಕಿ ಎಲ್ಲಾ ಹಿಂದಕ್ಕೇ.” ಎಲ್ಲರೂ ಗೊಳ್ಳೆಂದು ನಕ್ಕರು. ಬೆನ್ನಿನ ಪಟ್ಟಿಯನ್ನು ಕೆಳಗಿಳಿಸಿ ಸೊಂಟದ ಸುತ್ತ ತಂದು ಮುಂದೆ ಸಿಕ್ಕಿಸುವಂಥದೊಂದು ಅವಳಿಗಾಗಿ ಸಿಕ್ಕಿತು.

ಕೊನೆಗೆ ಮತ್ತೆ ಕನ್ನಡಕದಕ್ಕ. ಈಗಿನದು ಮೊದಲಿನಂಥದೇ, ಸುತ್ತಳತೆ ಮಾತ್ರ ದೊಡ್ಡದು. ಗೌನಿನ ಭುಜದ ಒಳಗೆ ಅಳತೆಯಮ್ಮ ಒಂದು ಪುಟ್ಟ ರಿಬ್ಬನ್ನಿನ ಕುಣಿಕೆ ಹೊಲಿದು, ಟಿಚ್ ಬಟನ್ ಹಾಕಿ, ಪಟ್ಟಿಯನ್ನು ಅದರೊಳಗೆ ಹಿಡಿಸಿದಳು. “ಇನ್ನು ಇದು ಎಲ್ಲಿಗೂ ಹೋಗಲ್ಲ. ನೀನೂ ಹೋಗ್ಬೇಡ.”

“ಶನಿವಾರ ಅಂದಿದ್ದೆ,” ಎಂದಳು ಟೀಚರ್. “ಇವತ್ತೇ ಶನಿವಾರ.”

ಕನ್ನಡಕದಕ್ಕ ಕನ್ನಡಿಯನ್ನು ನೋಡಿದಳು, ಬ್ಯಾಂಕಿನವಳನ್ನು ನೋಡಿದಳು. ಬ್ಯಾಂಕಿನವಳು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನಂಗೆ ಬೇಡಪ್ಪಾ ಎಂಬಂತೆ ತಲೆಯಾಡಿಸಿದಳು.

“ನಂದೇ ಇರ್ಲಿ ಬಿಡಿ,” ಎಂದಳು ಕನ್ನಡಕದಕ್ಕ.

ಕಛೇರಿಯ ಸಂಜೆ ಹಾಲು ತುಂಬಿತ್ತು. ಪರದೆಯ ಪಕ್ಕದಲ್ಲಿ ನಿಂತಿದ್ದಾಗ ಫೈಲು ಮತ್ತೆ ಅವಳ ಎದೆಯ ಮೇಲಿತ್ತು. ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಅತ್ತಿಗೆ ಏನೂ ಹೇಳದೆ ಕೈ ಚಾಚಿದಳು. ಮಗುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಹಾಗೆ ಕನ್ನಡಕದಕ್ಕ ಅದನ್ನು ಕೊಟ್ಟಳು.

ಮುಂದೆ ನಡೆದಳು. ಬೆಳಕು ನೇರ ಮೈಮೇಲೆ ಬಿತ್ತು. ಕೈಗಳಿಗೆ ಏನು ಮಾಡುವುದೆಂದು ಗೊತ್ತಾಗಲಿಲ್ಲ. ಬೆರಳುಗಳು ಗೌನಿನ ಮಡಿಕೆ ಹುಡುಕಿದವು, ಸಿಗದೆ ಸುಮ್ಮನಾದವು. ಜನ ನೋಡುತ್ತಿದ್ದರು, ಹೌದು, ನೋಡಲಿಕ್ಕೇ ಬಂದಿದ್ದರು. ಮೂರನೆಯ ಸಾಲಿನಲ್ಲಿ ಅಳತೆಯಮ್ಮ ಮಡಿಲಲ್ಲಿ ಎರಡು ಅಂಗೈಗಳನ್ನೂ ಹರವಿಕೊಂಡು ಕೂತಿದ್ದಳು, ಇನ್ನೂ ಯಾರದೋ ಪಕ್ಕೆ ಹಿಡಿದಿರುವ ಹಾಗೆ.

ಟೀಚರ್ ಬರಿಬೆನ್ನನ್ನು ಜನರ ಕಡೆಗೆ ಮಾಡಿ, ಅವಳೊಬ್ಬಳಿಗೇ ಕಾಣುವಂತೆ ನಕ್ಕು, ಕೈ ಎತ್ತಿದಳು.

ಕನ್ನಡಕದಕ್ಕ ಉಸಿರೆಳೆದಳು. ಪಟ್ಟಿ ಅವಳ ಜೊತೆಗೆ ಹಿಗ್ಗಿತು. ಪಕ್ಕೆಗಳು ತೆರೆಯುತ್ತಲೇ ಹೋದವು, ಇನ್ನೂ, ಇನ್ನೂ. ಇಷ್ಟು ದೊಡ್ಡ ಮನೆಯಲ್ಲಿ ತಾನು ಬಾಗಿಲ ಹತ್ತಿರವೇ ಕೂತು ಬದುಕಿದ್ದೆನಲ್ಲ ಎಂದು ಅವಳಿಗೆ ಬೆರಗಾಯಿತು. ಸ್ವರ ಆ ಮನೆಯ ತಳದಿಂದ ಎದ್ದು ಹೊರಬಂತು. ಹಿಂದಿನಿಂದ ಬ್ಯಾಂಕಿನವಳು ಇಳಿದಳು, ಅಜ್ಜಿ ಇಳಿದಳು, ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಒಂದಕ್ಕೊಂದು ಹೋಲದ ಅಷ್ಟೂ ಮೈಗಳಿಂದ ಒಂದೇ ಬಂದರಿಗೆ ಬೆಳಗಾಯಿತು.

ಅತ್ತಿಗೆ ಮಾತ್ರ ತನ್ನ ಸರದಿ ತಪ್ಪಿಸಿಕೊಂಡು ತಡವಾಗಿ ಸೇರಿದಳು. ಕನ್ನಡಕದಕ್ಕನ ಬೆನ್ನನ್ನೇ ನೋಡುತ್ತ ನಿಂತುಬಿಟ್ಟಿದ್ದಳಂತೆ. ಎಲ್ಲರ ಕೈಯೂ ಖಾಲಿಯಿರಬೇಕೆಂದಿದ್ದ ಟೀಚರ್ ನೋಡುತ್ತಾಳೆ, ಎರಡನೆಯ ಸಾಲಿನಲ್ಲಿ ಅತ್ತಿಗೆ ಆ ಫೈಲನ್ನು ಗಟ್ಟಿಯಾಗಿ ಎದೆಗವಚಿಕೊಂಡು ಹಾಡುತ್ತಿದ್ದಳು.